ಕಾಡ್ಗಿಚ್ಚು ತಾಗಿದ ಬೆಟ್ಟ–ತೋಟದ ಮರಗಳು: ವೃಕ್ಷತಜ್ಞರೊಂದಿಗೆ ಪ್ರಶ್ನೋತ್ತರ

ಸದಸ್ಯರು, ಸಿದ್ದಾಪುರ: ನಮಸ್ಕಾರ ಸರ್. ಬೆಟ್ಟದಿಂದ ಇಳಿದ ಬೆಂಕಿ ನಮ್ಮ ತೋಟದ ಮೇಲಂಚಿನ ಅಡಿಕೆ ಮರಗಳಿಗೆ ತಾಗಿದೆ. ಕಾಂಡ ಕಪ್ಪಾಗಿದೆ, ಸೋಗೆ ಒಣಗಿದೆ. ಕಡಿಯಬೇಕೇ?

ವೃಕ್ಷತಜ್ಞರು: ನಮಸ್ಕಾರ. ಈಗಲೇ ಕಡಿಯಬೇಡಿ. ಅಡಿಕೆಗೆ ಇರುವುದು ತುದಿಯಲ್ಲಿ ಒಂದೇ ಸುಳಿ. ಅದು ಹಸಿರಾಗಿದ್ದು ಹೊಸ ಎಲೆ ಬಿಚ್ಚಿದರೆ ಮರ ಉಳಿಯಿತು. ಬೆಂದು, ಎಳೆದಾಗ ಕಿತ್ತು ಬಂದರೆ ಆ ಮರ ಮತ್ತೆ ಚಿಗುರುವುದಿಲ್ಲ. ಅಂಚಿನ ನೆರಳಿನ ಮರಗಳು ಸುಟ್ಟಿದ್ದರೆ ನೈಋತ್ಯದ ಇಳಿಬಿಸಿಲು ನೇರವಾಗಿ ಕಾಂಡಕ್ಕೆ ಬಿದ್ದು ಸೀಳು ಬಿಡಿಸುತ್ತದೆ, ಆದ್ದರಿಂದ ಆ ಬದಿಗೆ ಸುಣ್ಣ ಬಳಿಯಿರಿ ಇಲ್ಲವೇ ಸೋಗೆ ಕಟ್ಟಿರಿ.

ಸದಸ್ಯರು, ಸಾಗರ: ಕೊಟ್ಟಿಗೆಯ ಪಕ್ಕದಲ್ಲಿ ಅಜ್ಜನ ಕಾಲದ ಅಪ್ಪೆಮಾವಿನ (ಉಪ್ಪಿನಕಾಯಿಗೆ ಹೆಸರಾದ ಮಿಡಿಮಾವಿನ) ಮರವಿದೆ. ಬುಡದ ಪೊಟರೆಗೆ ಬೆಂಕಿ ಹೊಕ್ಕಿತ್ತು. ಈಗಲೂ ಬೆಳಗಿನ ಹೊತ್ತು ಸಣ್ಣಗೆ ಹೊಗೆ ಕಾಣುತ್ತದೆ. ತಲೆ ಮಾತ್ರ ಹಸಿರಾಗಿದೆ. ಉಳಿಯಬಹುದೇ?

ವೃಕ್ಷತಜ್ಞರು: ಇಲ್ಲಿಯವರೆಗೆ ಬಂದ ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಇದು. ತಲೆ ಹಸಿರಾಗಿರುವುದು ಮರ ಬದುಕಿದೆ ಎಂಬುದಕ್ಕೆ ಗುರುತೇ ಹೊರತು, ಗಟ್ಟಿಯಾಗಿ ನಿಂತಿದೆ ಎಂಬುದಕ್ಕಲ್ಲ. ನೀರು ಮೇಲೇರುವುದು ತೊಗಟೆಗೆ ಹತ್ತಿರದ ಹೊರಪದರದಲ್ಲಿ. ಭಾರ ಹೊರುವುದಕ್ಕೆ ಇಡೀ ಕಾಂಡವೂ ಬೇರೂ ಬೇಕು. ಪೊಟರೆ ಚಿಮಣಿಯಂತೆ ಗಾಳಿ ಎಳೆದುಕೊಳ್ಳುವುದರಿಂದ ಕೆಂಡ ದಿನಗಟ್ಟಲೆ ಒಳಗೇ ತಿನ್ನುತ್ತದೆ, ಬೇರಿನ ಗುಂಟ ಮಣ್ಣಿನೊಳಕ್ಕೂ ಇಳಿಯುತ್ತದೆ. ಹೊಗೆ ಇದೆಯೆಂದರೆ ಅದು ಇನ್ನೂ ನಡೆಯುತ್ತಿದೆ. ಮೊದಲು ದನಗಳನ್ನು ಅಲ್ಲಿಂದ ಬಿಡಿಸಿ, ಮಕ್ಕಳು ಆ ಕಡೆ ಹೋಗದಂತೆ ನೋಡಿಕೊಳ್ಳಿ, ದೂರದಿಂದ ಪೈಪಿನಲ್ಲಿ ಪೊಟರೆಗೆ ನೀರು ಬಿಡಿ. ಹೊಗೆ ಪೂರ್ತಿ ನಿಂತ ಮೇಲೆ, ಗಾಳಿಯಿಲ್ಲದ ಹೊತ್ತಿನಲ್ಲಿ, ಅನುಭವಸ್ಥ ಮರಗೆಲಸದವರಿಂದ ಪರೀಕ್ಷೆ ಮಾಡಿಸಿ. ಟೊಳ್ಳಿನ ಸುತ್ತ ಉಳಿದ ಗಟ್ಟಿ ಮರದ ದಪ್ಪ ಕಾಂಡದ ಅರ್ಧವ್ಯಾಸದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಅಪಾಯವೆಂದೇ ಎಣಿಸಬೇಕು. ಪೊಟರೆ ಒಂದು ಬದಿಗೆ ಅಗಲವಾಗಿ ಬಾಯಿ ತೆರೆದಿದ್ದರೆ ಆ ಅಳತೆಯನ್ನೂ ನಂಬುವಂತಿಲ್ಲ. ಮುಂಗಾರಿಗೆ ಮುಂಚಿನ ಗುಡುಗು ಮಳೆಯ ಗಾಳಿಗೆ ಇಂಥ ಮರಗಳೇ ಮೊದಲು ಉರುಳುತ್ತವೆ. ಕಡಿಯಲೇಬೇಕಾದರೆ ಅದೇ ದಿನ ನರ್ಸರಿಯವರನ್ನು ಕರೆಸಿ ಕಸಿಕಡ್ಡಿ ತೆಗೆಸಿ. ಅಪ್ಪೆಯ ಗುಣ ಗೊರಟಿನ ಸಸಿಯಲ್ಲಿ ಹಾಗೆಯೇ ಬರುವ ಭರವಸೆಯಿಲ್ಲ. ಕಸಿಯಿಂದ ಮಾತ್ರ ಆ ಮರವನ್ನೇ ಉಳಿಸಿಕೊಂಡಂತಾಗುತ್ತದೆ.

ಸದಸ್ಯರು, ಯಲ್ಲಾಪುರ: ಅಡಿಕೆಯ ಕಾಂಡ ಕಪ್ಪಾಗಿದೆ. ಕಡಿಯಬೇಕೇ?

ವೃಕ್ಷತಜ್ಞರು: ಮೊದಲ ಉತ್ತರವನ್ನು ಓದಿ.

ಸದಸ್ಯರು, ಹೊಸನಗರ: ಈ ಸಂದೇಶ ಎಲ್ಲ ಗುಂಪುಗಳಲ್ಲಿಯೂ ಬರುತ್ತಿದೆ: “ಸುಟ್ಟ ಕಾಂಡಕ್ಕೆ ಹಳೆಯ ಎಂಜಿನ್ ಆಯಿಲ್ ಬಳಿದು, ಬುಡಕ್ಕೆ ಯೂರಿಯಾ ಹಾಕಿದರೆ ವಾರದಲ್ಲಿ ಚಿಗುರುತ್ತದೆ.” ಮಾಡಬಹುದೇ?

ವೃಕ್ಷತಜ್ಞರು: ಮಾಡಬಾರದು. ಎಣ್ಣೆ ಜೀವಂತ ತೊಗಟೆಯನ್ನೂ ಕೊಲ್ಲುತ್ತದೆ, ಮಣ್ಣಿಗೂ ಇಳಿಯುತ್ತದೆ. ಎಲೆಯೇ ಇಲ್ಲದ, ಬೇರು ಬೆಂದ ಮರಕ್ಕೆ ಯೂರಿಯಾ ಹಾಕಿದರೆ ಬೇರಿಗೆ ಇನ್ನಷ್ಟು ಪೆಟ್ಟು. ಚಾಕುವಿನಿಂದ ತೊಗಟೆಯನ್ನು ಸ್ವಲ್ಪವೇ ಕೆರೆದು ನೋಡಿ: ಒಳಗೆ ಹಸಿಯಾಗಿ ಬೆಳ್ಳಗಿದ್ದರೆ ಜೀವವಿದೆ, ಒಣಗಿ ಕಂದಾಗಿದ್ದರೆ ಆ ಭಾಗ ಸತ್ತಿದೆ. ಸುತ್ತಲೂ ಸತ್ತಿದ್ದರೆ ಮಾತ್ರ ಆಸೆ ಬಿಡಿ. ಕೊಂಬೆ ಕತ್ತರಿಸಿದ ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಸಾಕು. ಯಾರು ಬರೆದರೆಂದು ತಿಳಿಯದ ಇಂಥ ಸಂದೇಶಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ಸದಸ್ಯರು, ಶಿರಸಿ: ಮದ್ದಿನ ಮಾತು ಹಾಗಿರಲಿ. ಹೊಸ ಹುಲ್ಲಿನ ಆಸೆಗೆ ಬೇಣಕ್ಕೆ (ಹುಲ್ಲುಗಾವಲಿಗೆ) ಬೆಂಕಿ ಕೊಡುವವರನ್ನು ಮೊದಲು ತಡೆಯಬೇಕು.

ಸದಸ್ಯರು, ಸೊರಬ: ದನ ಸಾಕುವವರ ಮೇಲೆ ಹೊರಿಸುವುದು ಸುಲಭ. ದರಕು (ಉದುರಿದ ಒಣ ಎಲೆ) ಗುಡಿಸಿ ಕೊಟ್ಟಿಗೆಗೆ ಹಾಕುವುದನ್ನು ತೋಟದವರೇ ಬಿಟ್ಟಿದ್ದರಿಂದ ಬೆಟ್ಟದಲ್ಲಿ ಉರಿಯಲು ಇಷ್ಟೊಂದು ಸಿಕ್ಕಿದೆ. ಅಕೇಶಿಯಾ ನೆಡುತೋಪಿನ ಎಲೆಯನ್ನಂತೂ ಕೇಳುವವರಿಲ್ಲ.

ಸದಸ್ಯರು, ಶಿರಸಿ: ಗುಡಿಸಲು ಆಳು ಎಲ್ಲಿದ್ದಾರೆ? ನೀವು ಕಳಿಸುತ್ತೀರಾ?

ಸದಸ್ಯರು, ಸೊರಬ: ಆಳು ಸಿಗದಿದ್ದರೆ ಬೆಟ್ಟದ ಸೊಪ್ಪು, ದರಕು ಅನುಭವಿಸುವ ಹಕ್ಕು ಮಾತ್ರ ಏಕೆ ಬೇಕು?

ಸದಸ್ಯರು, ಮೂಡಿಗೆರೆ: ಸುಟ್ಟ ಸಿಲ್ವರ್ ಓಕಿಗೆ ಹಬ್ಬಿದ್ದ ಕಾಳುಮೆಣಸಿನ ಬಳ್ಳಿ ಬುಡದಿಂದ ಚಿಗುರಬಹುದೇ, ಸರ್?

ಸದಸ್ಯರು, ಸಿದ್ದಾಪುರ: ಸೊಪ್ಪಿನಬೆಟ್ಟದಲ್ಲಿ ಸುಟ್ಟ ಮರಗಳನ್ನು ನಾವೇ ಕಡಿದುಕೊಳ್ಳಬಹುದಲ್ಲವೇ? ಹೇಗೂ ಸತ್ತಿವೆ.

ವೃಕ್ಷತಜ್ಞರು: ಬಾರದು. ಸೊಪ್ಪಿನಬೆಟ್ಟ ಅರಣ್ಯ ಭೂಮಿ. ನಿಮಗಿರುವುದು ಸೊಪ್ಪು, ದರಕಿನಂಥ ಸೌಲಭ್ಯ. ಸ್ವಂತ ಜಮೀನಿನ ಮರಕ್ಕೂ, ಕಾನೂನು ವಿನಾಯಿತಿ ಕೊಟ್ಟ ಜಾತಿಗಳನ್ನು ಬಿಟ್ಟರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಬೆಂಕಿಯಿಂದ ಹಾಳಾಗಿರುವುದು ಅನುಮತಿ ಕೇಳಲು ಒಪ್ಪಿತ ಕಾರಣ, ಅನುಮತಿಯೇ ಅಲ್ಲ. ಅಷ್ಟಕ್ಕೂ ಸತ್ತಿವೆಯೆಂದು ಹೇಗೆ ತೀರ್ಮಾನಿಸಿದಿರಿ? ಮತ್ತಿಯ ತೊಗಟೆ ದಪ್ಪ, ಹೊರಗೆ ಕರಿಯಾದರೂ ಒಳಗೆ ಉಳಿದಿರುತ್ತದೆ. ತೇಗ ಬುಡದಿಂದಲೇ ಚಿಗುರುತ್ತದೆ. ಒಂದು ಮಳೆಗಾಲ ಕಾಯಿರಿ.

ಸದಸ್ಯರು, ಮೂಡಿಗೆರೆ: ಮೆಣಸಿನ ಬಳ್ಳಿಯ ಬಗ್ಗೆ ಕೇಳಿದ್ದೆ. ಜಗಳಕ್ಕೆ ಸಿಗುವ ಜಾಗ ನಮ್ಮ ಪ್ರಶ್ನೆಗೆ ಇಲ್ಲವೇ?

ಸದಸ್ಯರು, ಹೊಸನಗರ: ಎಂಜಿನ್ ಆಯಿಲ್ ಬೇಡವೆಂದಾದರೆ ಟಾರು ಬಳಿಯಬಹುದೇ?

ವೃಕ್ಷತಜ್ಞರು: ಬೇಡ. ಟಾರು, ಡೀಸೆಲ್, ಪೇಂಟ್ ಯಾವುದೂ ಬೇಡ. ಇದನ್ನು ಮತ್ತೆ ಕೇಳಿದರೆ ಉತ್ತರಿಸುವುದಿಲ್ಲ. ಸಾಗರದವರೇ, ದನಗಳನ್ನು ಬಿಡಿಸಿದಿರಾ?

ಸದಸ್ಯರು, ಸಾಗರ: ಇನ್ನೂ ಇಲ್ಲ ಸರ್. ಬೇರೆ ಕೊಟ್ಟಿಗೆಯಿಲ್ಲ. ಹೊಗೆಯೂ ಕಡಿಮೆಯಾಗಿದೆ.

ವೃಕ್ಷತಜ್ಞರು: ಕಡಿಮೆಯಾದರೆ ಸಾಲದು, ನಿಲ್ಲಬೇಕು. ಕೊಟ್ಟಿಗೆಯಿಲ್ಲದಿದ್ದರೆ ಅಂಗಳದಲ್ಲಿ ಕಟ್ಟಿರಿ. ಮರ ಎತ್ತರವಿರುವಷ್ಟು ದೂರದಾಚೆ, ಇಂದು ಕತ್ತಲಾಗುವ ಮೊದಲು. ಕಟ್ಟಿದ ಮೇಲೆ ಇಲ್ಲಿಯೇ ತಿಳಿಸಿ.