ತಿರುಗುವ ಚಕ್ರ, ಧುಮುಕುವ ರಾಫ್ಟು: ಚಿತ್ರ ಕಲಸಿಹೋಗುವುದೇಕೆ?

ಪ್ರಶ್ನೆ: ಮಡಿಕೇರಿ ದಸರೆಯ ರಾತ್ರಿ ಜೈಂಟ್ ವೀಲನ್ನು ಕ್ಯಾಮೆರಾ ಕೈಯಲ್ಲೇ ಹಿಡಿದು ತೆಗೆದ ಚಿತ್ರಗಳಲ್ಲಿ ದೀಪಗಳು ಎರೆಹುಳುವಿನಂತೆ ಅಂಕುಡೊಂಕಾಗಿ ಬಂದಿವೆ; ದುಬಾರೆಯ ರಾಫ್ಟಿಂಗ್ ಚಿತ್ರಗಳಲ್ಲಿಯೂ ಹುಟ್ಟು ಹಾಕುವವರ ಮುಖ ಸ್ಪಷ್ಟವಾಗಿಲ್ಲ. ಹವ್ಯಾಸಿಯಾದ ನಾನು ಏನನ್ನು ತಿದ್ದಿಕೊಳ್ಳಬೇಕು?

ಉತ್ತರ 1: ಇವೆರಡೂ ಬೇರೆ ಬೇರೆ ಸಮಸ್ಯೆಗಳು. ಚಕ್ರಕ್ಕೆ ಟ್ರೈಪಾಡ್ (ಮೂರು ಕಾಲಿನ ಸ್ಟ್ಯಾಂಡು) ಅನಿವಾರ್ಯ; ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/11 ಇಟ್ಟು ಶಟರನ್ನು 2ರಿಂದ 4 ಸೆಕೆಂಡು ತೆರೆದಿಟ್ಟರೆ ಬಲ್ಬುಗಳ ಸಾಲು ಬೆಳಕಿನ ಬಳೆಗಳಾಗಿ ಮೂಡುತ್ತದೆ. ಬೆರಳು ತಾಗಿದರೂ ಕ್ಯಾಮೆರಾ ಅಲುಗುವುದರಿಂದ ಸೆಲ್ಫ್ ಟೈಮರ್ ಬಳಸಿರಿ. ರಾಫ್ಟಿಗೆ ಶಟರ್ 1/1000 ಸೆಕೆಂಡು ಮಾತ್ರ ತೆರೆದಿರಬೇಕು. ಮಳೆಗಾಲದ ಮಬ್ಬಿನಲ್ಲಿ ಐಎಸ್‌ಒ 1600ಕ್ಕೆ ಏರಿಸಲು ಹಿಂಜರಿಯಬೇಡಿ.

ಉತ್ತರ 2: ಎಲ್ಲವನ್ನೂ ಸ್ತಬ್ಧಗೊಳಿಸಿದರೆ ವೇಗವೇ ಕಾಣದು. ನಮ್ಮ ಹಾಕಿ ಮೈದಾನದಲ್ಲಿ ನಾನು ಶಟರನ್ನು 1/60 ಸೆಕೆಂಡಿಗೆ ಇಳಿಸಿ, ಓಡುವವನೊಡನೆ ಕ್ಯಾಮೆರಾ ಹಿಡಿದು ಸೊಂಟದಿಂದಲೇ ತಿರುಗುತ್ತೇನೆ. ಹತ್ತರಲ್ಲಿ ಒಂದು ದಕ್ಕುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಟ್ರೈಪಾಡ್ ಸಾಲ ತರುತ್ತೇನೆ.