ತಾಳಗುಂದದ ಕಂಬದ ಮುಂದೆ ಮಗಳು ಕೇಳಿದ ಪ್ರಶ್ನೆ

ಗುಂಪಿನ ಎಲ್ಲ ಹಿರಿಯರಿಗೂ ಸ್ನೇಹಿತರಿಗೂ ಸಾಗರದಿಂದ ನಮಸ್ಕಾರಗಳು. ಊರಿನ ಸ್ಥಳಪುರಾಣ ಹೇಳಿದಾಗಲೆಲ್ಲ ಮಕ್ಕಳು "ಇದು ನಿಜವಾ?" ಎಂದು ಕೇಳುತ್ತಾರೆ, ಏನು ಉತ್ತರ ಕೊಡಬೇಕು ಎಂದು ಕಳೆದ ವಾರ ಇಲ್ಲಿ ಎದ್ದ ಚರ್ಚೆಯನ್ನು ಪೂರ್ತಿ ಓದಿದೆ. ಪರದೇಶದಲ್ಲಿ ಬೆಳೆಯುವ ಮಕ್ಕಳಿಗೆ ಊರಿನೊಡನೆ ಉಳಿದಿರುವ ನಂಟೇ ಈ ಕಥೆಗಳು, ಅವುಗಳ ಬಗ್ಗೆ ಸಂಶಯ ಹುಟ್ಟಿಸಬಾರದು ಎಂದು ಕೆಲವರು ಬರೆದಿದ್ದರು. ನಡೆಯದೇ ಇದ್ದುದನ್ನು ನಡೆದದ್ದು ಎಂದು ಹೇಳುತ್ತಾ ಹೋದರೆ ಹದಿನೈದು ತುಂಬುವ ಹೊತ್ತಿಗೆ ಮಕ್ಕಳು ನಮ್ಮ ಯಾವ ಮಾತನ್ನೂ ನಂಬುವುದಿಲ್ಲ ಎಂದು ಮತ್ತೆ ಕೆಲವರು. ನನ್ನ ಬಳಿ ಉತ್ತರವಿರಲಿಲ್ಲವಾದ್ದರಿಂದ ನಾನು ಸುಮ್ಮನಿದ್ದೆ. ಈಗ ರಜೆಗೆಂದು ಊರಿಗೆ ಬಂದು, ಹನ್ನೆರಡು ವರ್ಷದ ಮಗಳನ್ನೂ ನನ್ನ ತಾಯಿಯನ್ನೂ ಜೊತೆಗಿಟ್ಟುಕೊಂಡು ಮೂರು ದಿನ ಜಿಲ್ಲೆಯನ್ನು ಸುತ್ತಿದ ಮೇಲೆ ಹೇಳಬೇಕಾದ ಮಾತೊಂದು ಸಿಕ್ಕಿದೆ. ಮಕ್ಕಳ ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಮನೆಯಲ್ಲಿ ಕುಳಿತು ಹೇಳುವುದಕ್ಕಿಂತ, ಆ ಕಥೆಯನ್ನು ಮೊದಲು ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಅವರ ಜೊತೆಯಲ್ಲೇ ಹುಡುಕಿಕೊಂಡು ಹೋಗುವುದು ಒಳ್ಳೆಯದು ಎಂದು ನನಗೆ ಅನ್ನಿಸಿದೆ.

ಹುಡುಕಾಟ ಶುರುವಾದದ್ದು ಶಿವಮೊಗ್ಗದ ಹೆಸರಿನಿಂದ. ದೂರ್ವಾಸ ಮುನಿಗಳು ಗಿಡಮೂಲಿಕೆಗಳನ್ನು ಹಾಕಿ ಒಲೆಯ ಮೇಲಿಟ್ಟಿದ್ದ ಮೊಗೆಯ ರಸವನ್ನು ದನ ಕಾಯುವ ಹುಡುಗರು ರುಚಿ ನೋಡಿ, ಅದು ಸಿಹಿಯಾಗಿದ್ದುದರಿಂದ ಊರಿಗೆ "ಸಿಹಿಮೊಗೆ" ಎಂದು ಹೆಸರು ಬಂತೆಂದು ನನ್ನ ತಾಯಿ ಹೇಳಿದರು. "ಶಿವಮುಖ" ಎಂಬುದೇ ಮೂಲವೆಂದು ಹೇಳುವವರೂ ಇದ್ದಾರೆ. ಮಗಳು ಒಂದು ನೋಟ್‌ಬುಕ್ಕಿನ ಎಡಪುಟದ ಮೇಲೆ "ಅಜ್ಜಿ ಹೇಳಿದ್ದು" ಎಂದೂ ಬಲಪುಟದ ಮೇಲೆ "ಸಾಕ್ಷಿ" ಎಂದೂ ಬರೆದಳು. ಸಿಹಿಮೊಗೆಯ ಕಥೆ ಎಡಕ್ಕೆ ಹೋಯಿತು. ಬಲಗಡೆ ಆ ಊರಿಗೆ ಬರೆಯಲು ಸಿಕ್ಕಿದ್ದು ಒಂದೇ ಸಾಲು: ಇಂಗ್ಲಿಷಿನ ಬಾಯಲ್ಲಿ "ಶಿಮೊಗ" ಆಗಿದ್ದ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ "ಶಿವಮೊಗ್ಗ" ಆಯಿತು.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಮಾತ್ರ ಎರಡೂ ಪುಟಗಳು ತುಂಬಿದವು. ಕದಂಬರ ಮೂಲಪುರುಷನ ಬಗ್ಗೆ ನಮ್ಮಲ್ಲಿ ಬಹುಮಂದಿ ಕೇಳಿರುವ ಕಥೆ ಹೀಗಿದೆ: ಶಿವನ ಹಣೆಯ ಬೆವರಿನ ಹನಿಯೊಂದು ಕದಂಬ ವೃಕ್ಷದ ಬುಡದಲ್ಲಿ ಬಿದ್ದು, ಅದರಿಂದ ಮೂರು ಕಣ್ಣು, ನಾಲ್ಕು ತೋಳುಗಳ ವೀರನೊಬ್ಬ ಹುಟ್ಟಿದ; ಅವನ ವಂಶವೇ ಕದಂಬ ವಂಶ. ಇದನ್ನು ಯಾರೋ ನಿನ್ನೆ ಮೊನ್ನೆ ಕಟ್ಟಿದ್ದಲ್ಲ, ಕದಂಬರ ಹೆಸರನ್ನು ಮುಂದುವರಿಸಿದ ನಂತರದ ಕಾಲದ ಅರಸುಮನೆತನಗಳ ಶಾಸನಗಳಲ್ಲಿಯೇ ಈ ಬಗೆಯ ಕಥೆಗಳಿವೆ. ಆದರೆ ಪ್ರಣವೇಶ್ವರ ದೇವಾಲಯದ ಎದುರಿಗಿರುವ ಕಲ್ಲುಕಂಬ ಅವೆಲ್ಲಕ್ಕಿಂತ ಎಷ್ಟೋ ಶತಮಾನ ಹಳೆಯದು. ಐದನೆಯ ಶತಮಾನದ ಮಧ್ಯಭಾಗದಲ್ಲಿ ಕದಂಬ ದೊರೆ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯವನ್ನು ಅದರ ಮೇಲೆ ಕೆತ್ತಲಾಗಿದೆ. ಆ ಕಂಬದ ಮುಂದೆ ನಿಂತು ಮಗಳು ಕೇಳಿದಳು: "ಮೂರು ಕಣ್ಣು ಇದರಲ್ಲಿ ಎಲ್ಲಿ ಬರೆದಿದೆ ಅಮ್ಮಾ?"

ಇದರಲ್ಲಿ ಮೂರು ಕಣ್ಣಿಲ್ಲ. ಇದರಲ್ಲಿರುವುದು ಓದಲು ಹೋದ ಒಬ್ಬ ಹುಡುಗ. ವೇದಾಧ್ಯಯನ ಮಾಡುತ್ತಿದ್ದ ಒಂದು ಬ್ರಾಹ್ಮಣ ಕುಟುಂಬದ ಮನೆಯ ಬಳಿ ಕದಂಬದ ಮರವಿತ್ತು, ಅದನ್ನು ಅವರು ಅಕ್ಕರೆಯಿಂದ ಬೆಳೆಸಿದ್ದರಿಂದ ಆ ಮರದ ಹೆಸರೇ ಕುಲದ ಹೆಸರಾಯಿತು ಎಂದು ಶಾಸನ ಹೇಳುತ್ತದೆ. ಆ ಕುಲದ ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಪಲ್ಲವರ ರಾಜಧಾನಿ ಕಂಚಿಗೆ ಹೋಗಿ ಅಲ್ಲಿಯ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವನ್ನು ಸೇರುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಗುತ್ತದೆ. ಕಲಿಯುಗದಲ್ಲಿ ಬ್ರಾಹ್ಮಣರು ಕ್ಷತ್ರಿಯರ ಮುಂದೆ ಹೀಗೆ ದುರ್ಬಲರಾಗಿರಬೇಕೇ ಎಂದು ಕೆರಳಿದ ಮಯೂರಶರ್ಮ, ದರ್ಭೆ, ಸಮಿತ್ತು, ತುಪ್ಪದ ಸೌಟುಗಳನ್ನು ಹಿಡಿದು ಪಳಗಿದ್ದ ಕೈಯಲ್ಲಿ ಖಡ್ಗ ಹಿಡಿಯುತ್ತಾನೆ. ಶ್ರೀಪರ್ವತದ ದಟ್ಟ ಕಾಡಿನಲ್ಲಿ ನೆಲೆಯೂರಿ ಬಾಣರೆಂಬ ಅರಸುಮನೆತನದವರಿಂದ ಕಪ್ಪ ವಸೂಲು ಮಾಡುತ್ತಾನೆ. ಮನೆಯಿಂದ ದೂರದ ದೊಡ್ಡ ಊರಿಗೆ ಕಲಿಯಲು ಹೋಗಿ, ಅಲ್ಲಿ ತಾನು ಹೊರಗಿನವನೆಂದು ತಿಳಿಯುವ ಆ ಗಳಿಗೆಯನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮಗಳು ಅಲ್ಲಿಯವರೆಗೂ ಕೈಯಲ್ಲಿ ಹಿಡಿದಿದ್ದ ಫೋನನ್ನು ಚೀಲಕ್ಕೆ ಹಾಕಿ, "ಆಮೇಲೆ ಕಂಚಿಯನ್ನು ಗೆದ್ದನಾ?" ಎಂದು ಕೇಳಿದಳು.

ನಾನೂ ಚಿಕ್ಕಂದಿನಿಂದ ಹಾಗೆಂದೇ ತಿಳಿದಿದ್ದೆ. ಕಂಬದ ಮೇಲಿರುವುದು ಬೇರೆ. ಕಾಡಿನಲ್ಲಿದ್ದ ಅವನನ್ನು ಸೋಲಿಸಲಾಗದ ಪಲ್ಲವರು ಅವನ ಶೌರ್ಯವನ್ನೂ ಕುಲವನ್ನೂ ಕಂಡು ಗೆಳೆತನವೇ ಲೇಸೆಂದು ಬಗೆದರು; ಅವನು ಅವರ ಸೇವೆಗೆ ಸೇರಿದ; ಕೊನೆಗೆ ಪಡುವಣ ಕಡಲಿನಿಂದ ಪ್ರೇಹರವೆಂಬ ಎಲ್ಲೆಯವರೆಗಿನ ನಾಡನ್ನು ಅವನಿಗೆ ಬಿಟ್ಟುಕೊಟ್ಟು ಪಟ್ಟ ಕಟ್ಟಿದರು. ಕನ್ನಡ ನಾಡಿನ ಮೊದಲ ರಾಜ್ಯವೆಂದು ನಾವು ಅಭಿಮಾನದಿಂದ ಹೇಳುವ ರಾಜ್ಯ ಹುಟ್ಟಿದ್ದು ಕಂಚಿಯ ಕೋಟೆ ಒಡೆದಲ್ಲ, ಹೋರಾಟದ ನಂತರ ಆದ ಒಪ್ಪಂದದಿಂದ. ನಂತರದ ಶಾಸನಗಳು ಅವನ ಹೆಸರಿಗೆ ಹದಿನೆಂಟು ಅಶ್ವಮೇಧಗಳನ್ನು ಸೇರಿಸುತ್ತವೆ; ಈ ಕಂಬ ಅವನ ಒಂದು ಅಶ್ವಮೇಧವನ್ನೂ ಹೇಳುವುದಿಲ್ಲ. ಅವನ ಹೆಸರಿನ ಕೊನೆಗೆ ಇಲ್ಲಿ ಬ್ರಾಹ್ಮಣರ ಶರ್ಮ ಎಂದೇ ಇದೆ. ಕ್ಷತ್ರಿಯರ ವರ್ಮ ಎಂಬುದು ಮಗ ಕಂಗವರ್ಮನಿಂದ ಮುಂದಕ್ಕೆ ಬರುತ್ತದೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ನಾನು ಮಗಳಿಗೆ ಅರ್ಧ ಸತ್ಯವನ್ನೇ ಕೊಟ್ಟಂತಾಗುತ್ತಿತ್ತು. ಇದೇ ಕಂಬ, ಷಣ್ಮುಖನು ಮಾತೃಕೆಯರೊಡಗೂಡಿ ಮಯೂರಶರ್ಮನಿಗೆ ಅಭಿಷೇಕ ಮಾಡಿದನೆಂದೂ ಹೇಳುತ್ತದೆ. ಮಯೂರಶರ್ಮನಿಗೂ ಇದನ್ನು ಕೆತ್ತಿಸಿದ ಶಾಂತಿವರ್ಮನಿಗೂ ನಡುವೆ ಸುಮಾರು ನೂರು ವರ್ಷಗಳ ಅಂತರವಿದೆ; ತಮ್ಮ ಮನೆತನದ ಹಿರಿಯನನ್ನು ಹೊಗಳುವುದು ಆ ಕಾವ್ಯದ ಕೆಲಸ. ಕಲ್ಲಿನ ಮೇಲಿದೆ ಎಂಬ ಕಾರಣಕ್ಕೆ ಎಲ್ಲವೂ ನಡೆದದ್ದೇ ಎಂದಾಗುವುದಿಲ್ಲ. ಆದರೆ ಒಬ್ಬ ಸವಾರನೊಡನೆ ಆದ ಬೀದಿಜಗಳದಂಥ ಸಣ್ಣ ಸಂಗತಿಯನ್ನು ಮುಚ್ಚಿಡದೆ ಬರೆಸಿದ್ದಾರಲ್ಲ, ಅದು ಬರಿಯ ಹೊಗಳಿಕೆಗಾಗಿ ಹುಟ್ಟಿಸಿದ ಮಾತಾಗಿರಲಾರದು ಎಂದು ನನ್ನ ಮನಸ್ಸು ಹೇಳುತ್ತದೆ. ನನ್ನ ತಾಯಿಗೆ ಇದರಿಂದ ನೋವಾಗಬಹುದೆಂದು ಅಂಜಿದ್ದೆ. ಅವರು ಕಂಬಕ್ಕೆ ಕೈಮುಗಿದು, "ಬೆವರಿನ ಹನಿಯ ಕಥೆಗಿಂತ ಈ ಹುಡುಗನೇ ಚಂದ" ಎಂದರು.

ತಾಳಗುಂದದಲ್ಲೇ ಇನ್ನೊಂದು ನಂಬಿಕೆಯನ್ನೂ ಸ್ವಲ್ಪ ತಿದ್ದಿಕೊಳ್ಳಬೇಕಾಯಿತು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು 450ರ ಶಾಸನವೇ ಕನ್ನಡದ ಮೊದಲ ಶಾಸನವೆಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ, ಭಾನುವಾರದ ಕನ್ನಡ ತರಗತಿಯಲ್ಲಿ ಈಗಲೂ ಹಾಗೆಯೇ ಕಲಿಸುತ್ತೇವೆ. ಆದರೆ ಪ್ರಣವೇಶ್ವರ ದೇವಾಲಯದ ಆವರಣದ ಉತ್ಖನನದಲ್ಲಿ ಸಿಂಹಕಟಾಂಜನದ (ಮೆಟ್ಟಿಲ ಪಕ್ಕದ ಸಿಂಹದ ಕೈಪಿಡಿಗಲ್ಲಿನ) ಮೇಲೆ ದೊರೆತ ಬರಹವನ್ನು ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ಸುಮಾರು 370ರದೆಂದು ಗುರುತಿಸಿದ್ದಾರೆ. ವಿದ್ವಾಂಸರಲ್ಲಿ ಈ ಕುರಿತು ಚರ್ಚೆ ನಡೆದಿದೆ. ತರಗತಿಯಲ್ಲಿ ಎರಡನ್ನೂ ಹೇಳೋಣವೆಂದು ಶಿಕ್ಷಕಿಯರಲ್ಲಿ ನನ್ನ ವಿನಂತಿ.

ಮರುದಿನ ಕೆಳದಿಗೆ ಹೋದೆವು. ಇಲ್ಲಿಯ ಕಥೆಯನ್ನು ಹೇಳುವಾಗ ನನಗೆ ಗಂಟಲು ಕಟ್ಟುತ್ತದೆ. ಹಸುವೊಂದು ದಿನವೂ ಹುತ್ತದ ಮೇಲೆ ಹಾಲು ಸುರಿಸಿದ್ದು, ಚೌಡಪ್ಪ ಮತ್ತು ಭದ್ರಪ್ಪ ಎಂಬ ಅಣ್ಣತಮ್ಮಂದಿರಿಗೆ ಅಲ್ಲಿ ಲಿಂಗ ದೊರೆತದ್ದು, ನಿಧಿಯನ್ನು ತೆಗೆಯಲು ನರಬಲಿ ಬೇಕೆಂದಾಗ ಮನೆಯ ಆಳುಗಳಾದ ಯಾದವ ಮತ್ತು ಮುರಾರಿ ತಾವಾಗಿಯೇ ತಲೆ ಕೊಟ್ಟದ್ದು ಇವೆಲ್ಲ ಎಡಪುಟದ ಮಾತುಗಳು. ಬಲಪುಟದಲ್ಲಿ ಇರುವುದು ಕೆಳದಿಯ ಅರಸರ ಬಿರುದು: ಅವರು ಮುಂದೆ "ಎಡವ ಮುರಾರಿ" ಎಂದು ಕರೆಸಿಕೊಂಡರು. ಇಬ್ಬರು ಆಳುಗಳ ಹೆಸರನ್ನು ಅರಸರು ತಮ್ಮ ಬಿರುದಾಗಿ ಹೊತ್ತರೆಂದು ಜನ ನಂಬಿಕೊಂಡು ಬಂದರೋ, ಬಿರುದನ್ನು ವಿವರಿಸಲು ಕಥೆ ಹುಟ್ಟಿತೋ ಎಂದು ಮಗಳು ಕೇಳಿದ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಕೆಳದಿಯ ಚೆನ್ನಮ್ಮನ ವಿಷಯಕ್ಕೆ ಬರುವ ಮೊದಲು ಒಂದು ತಿದ್ದುಪಡಿ. ನಮ್ಮ ಮಕ್ಕಳಲ್ಲಿ ಅನೇಕರು ಇವಳನ್ನೂ ಕಿತ್ತೂರಿನ ಚೆನ್ನಮ್ಮನನ್ನೂ ಒಬ್ಬಳೆಂದೇ ತಿಳಿದಿದ್ದಾರೆ. ಕಿತ್ತೂರಿನ ರಾಣಿ ಬ್ರಿಟಿಷರೊಡನೆ ಹೋರಾಡಿದ್ದು 1824ರಲ್ಲಿ. ಕೆಳದಿಯ ರಾಣಿ ಔರಂಗಜೇಬನನ್ನು ಎದುರು ಹಾಕಿಕೊಂಡದ್ದು 1689ರಲ್ಲಿ. ಸಂಭಾಜಿಯ ಹತ್ಯೆಯ ನಂತರ ಶಿವಾಜಿಯ ಕಿರಿಯ ಮಗ ರಾಜಾರಾಮ ವೇಷ ಮರೆಸಿಕೊಂಡು ಜಿಂಜಿಯ ಕೋಟೆಯತ್ತ ಓಡುವಾಗ ಅವನಿಗೆ ಆಶ್ರಯ ಕೊಟ್ಟು ಮುಂದಕ್ಕೆ ಕಳುಹಿಸಿದವಳು ಇವಳು. ಇದು ಐತಿಹ್ಯವಲ್ಲ, ಇತಿಹಾಸ. ಆದರೆ ಬೆನ್ನಟ್ಟಿ ಬಂದ ಮೊಗಲ ಸೈನ್ಯದ ಗತಿಯೇನಾಯಿತು ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಲಿಂಗಣ್ಣ ಕವಿಯ ಕೆಳದಿನೃಪವಿಜಯ ರಾಣಿಯ ಸೈನ್ಯ ಗೆದ್ದಿತೆನ್ನುತ್ತದೆ. ಮೊಗಲರ ಕಡೆಯ ಬರಹ ರಾಣಿ ಸ್ವಲ್ಪ ಹಣ ತೆತ್ತು ರಾಜಿಯಾದಳೆನ್ನುತ್ತದೆ. "ಯಾರು ಸುಳ್ಳು ಹೇಳ್ತಿದ್ದಾರೆ?" ಎಂದು ಮಗಳು ಕೇಳಿದಳು. ಎರಡು ಆಸ್ಥಾನಗಳು ಒಂದೇ ಸಂಧಿಯನ್ನು ತಮ್ಮ ತಮ್ಮ ಮರ್ಯಾದೆಗೆ ತಕ್ಕಂತೆ ಬರೆದಿಟ್ಟಿವೆ ಎಂದು ನನ್ನ ತಿಳಿವಳಿಕೆ. ಇಬ್ಬರೂ ಅಲ್ಲಗಳೆಯದ ಸಂಗತಿಗಳನ್ನು ಹಿಡಿದುಕೊಳ್ಳೋಣ ಎಂದೆ: ರಾಜಾರಾಮ ಜಿಂಜಿಯನ್ನು ತಲುಪಿದ, ಮೊಗಲರು ಕೆಳದಿ ಅರಸರ ಬಿದನೂರು ಸಂಸ್ಥಾನವನ್ನು ತಮ್ಮ ರಾಜ್ಯಕ್ಕೆ ಸೇರಿಸಿಕೊಳ್ಳಲಿಲ್ಲ, ಆ ಸಂಸ್ಥಾನ 1763ರಲ್ಲಿ ಹೈದರಾಲಿ ಬರುವವರೆಗೂ ಉಳಿಯಿತು. ಆ ಕಾಲದ ಅತ್ಯಂತ ಬಲಿಷ್ಠ ಬಾದಶಹನಿಗೆ ಬೇಕಾದವನನ್ನು ಮನೆಯೊಳಗಿಟ್ಟುಕೊಂಡು ಕಾಪಾಡಿದ್ದು ಯಾವ ಗೆಲುವಿಗೂ ಕಡಿಮೆಯಲ್ಲವೆಂದು ನಾನು ಮನಸಾರೆ ನಂಬುತ್ತೇನೆ.

ಜೋಗದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ದೇಶದ ಅತಿ ಎತ್ತರದ ಜಲಪಾತವೆಂದು ಮಕ್ಕಳಿಗೆ ಹೇಳುವುದನ್ನು ಬಿಡೋಣ; ಜೋಗ 253 ಮೀಟರ್ ಧುಮುಕಿದರೆ ಮೇಘಾಲಯದ ನೊಹ್‌ಕಾಲಿಕಾಯ್ 340 ಮೀಟರ್ ಧುಮುಕುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ರಾಮನ ಶರ ನಾಟಿದಲ್ಲಿ ಶರಾವತಿ ಹುಟ್ಟಿತೆಂಬ ಕಥೆ ಎಡಪುಟದಲ್ಲಿ ಹಾಯಾಗಿದೆ.

ನನ್ನನ್ನು ಹೆಚ್ಚು ಕಲಕಿದ್ದು ಅದೇ ಶರಾವತಿಯ ಇನ್ನೊಂದು ಮಾತು. ಕೊನೆಯ ದಿನ ಸಂಜೆ ಜಗಲಿಯ ಮೇಲೆ ಕುಳಿತಿದ್ದಾಗ ನನ್ನ ತಾಯಿ, ನೀರಿನೊಳಗೆ ಒಂದು ಅಣೆಕಟ್ಟೆ ಮುಳುಗಿದೆ, ಅದರ ಸುತ್ತ ಊರುಗಳಿವೆ, ತೋಟಗಳಿವೆ, ದೇವಸ್ಥಾನಗಳಿವೆ, ನೀರು ತೀರಾ ಇಳಿದ ಬೇಸಿಗೆಯಲ್ಲಿ ಅಣೆಕಟ್ಟೆ ಮೇಲೆದ್ದು ಕಾಣುತ್ತದೆ ಎಂದರು. ಮಗಳು ಕೇಳದೆಯೇ ಅದನ್ನು ಎಡಪುಟದಲ್ಲಿ, ಸಮುದ್ರದಲ್ಲಿ ಮುಳುಗಿದ ದ್ವಾರಕೆಯ ಕಥೆಯ ಕೆಳಗೆ ಬರೆದುಕೊಂಡಳು. ಅಣೆಕಟ್ಟೆಯೊಳಗೊಂದು ಅಣೆಕಟ್ಟೆ ಎಂದರೆ ಯಾವ ಮಗು ತಾನೆ ಹಾಗೆ ತಿಳಿಯುವುದಿಲ್ಲ? ಆದರೆ ಅದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ನಿಲ್ಲಿಸಲು 1940ರ ದಶಕದಲ್ಲಿ ಕಟ್ಟಿದ್ದು. ಅದಕ್ಕಿಂತ ಎಷ್ಟೋ ದೊಡ್ಡದಾದ ಲಿಂಗನಮಕ್ಕಿ 1964ರಲ್ಲಿ ಮುಗಿದು, ನೀರು 1,819 ಅಡಿಗಳ ಗರಿಷ್ಠ ಮಟ್ಟದತ್ತ ಏರಿದಾಗ ಹಳೆಯ ಕಟ್ಟೆ ಹಾಗೆಯೇ ಒಳಗಾಯಿತು. ಸಾವಿರಾರು ಸಂಸಾರಗಳು ಗಂಟುಮೂಟೆ ಕಟ್ಟಿ ಎದ್ದುಹೋದವು. ಇಲ್ಲಿಯ ಜನ ಅದನ್ನು ಇಂದಿಗೂ "ಮುಳುಗಡೆ" ಎಂಬ ಒಂದೇ ಶಬ್ದದಿಂದ ಕರೆಯುತ್ತಾರೆ. ನನ್ನ ತಾಯಿಯ ತವರು ಹೋದದ್ದು ಅದರಲ್ಲೇ. ಆಗ ಅವರಿಗೆ ಹದಿನಾಲ್ಕು ವರ್ಷ.

ಇದನ್ನು ಮಗಳಿಗೆ ನಾನು ಈ ಮೊದಲು ಯಾವತ್ತೂ ಬಿಡಿಸಿ ಹೇಳಿರಲಿಲ್ಲ. ಅವಳು ಬಹಳ ಹೊತ್ತು ಅಜ್ಜಿಯ ಮುಖ ನೋಡಿ, ಬರೆದದ್ದನ್ನು ಹೊಡೆದುಹಾಕಿ, "ಹಾಗಾದ್ರೆ ಇದನ್ನ ಯಾವ ಪುಟದಲ್ಲಿ ಬರೀಲಿ ಅಜ್ಜಿ?" ಎಂದು ಕೇಳಿದಳು.

"ಬಲಗಡೆನೇ ಬರಿ ಮಗಾ," ಎಂದರು ನನ್ನ ತಾಯಿ. "ತುಳಸಿಕಟ್ಟೆ ಮಟ್ಟಕ್ಕೆ ನೀರು ಬಂದಿದ್ದು ನಾನೇ ನೋಡಿದೀನಿ."