ಮೂರು ‘ತಿರುಗು’ ಒಂದೇ ವಾಕ್ಯದಲ್ಲಿ: ಬಾಹ್ಯಾಕಾಶ ದೂರದರ್ಶಕದ ದಿನಚರಿಗೆ ಪದ ಬೇಕು

ನಮಸ್ಕಾರ.

ಹಬಲ್ ದೂರದರ್ಶಕದ ಒಂದು ದಿನ ಹೇಗಿರುತ್ತದೆ ಅಂತ ಹೈಸ್ಕೂಲು ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮೂರನೇ ವಾಕ್ಯದಲ್ಲೇ ಸಿಕ್ಕಿಹಾಕಿಕೊಂಡೆ. ವಾಕ್ಯ ಇದು:

“ಭೂಮಿಯ ಸುತ್ತ ತಿರುಗುತ್ತಿರುವ ದೂರದರ್ಶಕ ಒಂದು ನಕ್ಷತ್ರದಿಂದ ಇನ್ನೊಂದರ ಕಡೆ ತಿರುಗಬೇಕಾದರೆ ಅದರ ಒಳಗಿನ ಚಕ್ರಗಳು ಎದುರು ದಿಕ್ಕಿಗೆ ತಿರುಗಬೇಕು.”

ವ್ಯಾಕರಣ ಸರಿ ಇದೆ. ಅರ್ಥವೂ ತಪ್ಪಿಲ್ಲ. ಆದರೆ ಇಲ್ಲಿರುವ ಮೂರು ‘ತಿರುಗು’ ಮೂರು ಬೇರೆ ಚಲನೆ. ಮೊದಲನೆಯದು ಭೂಮಿಗೆ ಸುತ್ತು ಹಾಕುವುದು. ಎರಡನೆಯದು ಮುಖವನ್ನು ಬೇರೆ ಕಡೆ ಮಾಡುವುದು. ಮೂರನೆಯದು ಬುಗುರಿಯ ಹಾಗೆ ಇದ್ದಲ್ಲೇ ಗಿರಕಿ ಹೊಡೆಯುವುದು. ಮಾತಿನಲ್ಲಾದರೆ ಕೈ ಆಡಿಸಿ ತೋರಿಸಬಹುದು. ಪುಟದ ಮೇಲೆ ಮಗು ಒಬ್ಬನೇ ಓದುತ್ತಿರುತ್ತದೆ, ಅಲ್ವಾ?

‘ತಿರುಗು’ ಪಾಪ ಎಷ್ಟು ಹೊರೆ ಹೊರುತ್ತದೆ ನೋಡಿ. ಬುಗುರಿ ತಿರುಗುತ್ತದೆ. ಕರೆದರೆ ತಿರುಗಿ ನೋಡುತ್ತೇವೆ. ಹೋದವರು ತಿರುಗಿ ಬರುತ್ತಾರೆ. ಕೆಲಸ ಹುಡುಕುವವನು ಊರೂರು ತಿರುಗುತ್ತಾನೆ. ಸಿಟ್ಟು ಬಂದರೆ ತಿರುಗಿ ಬೀಳುತ್ತಾನೆ. ಇಷ್ಟೆಲ್ಲ ಮಾಡುವ ಪದಕ್ಕೆ ಒಂದು ಯಂತ್ರದ ಮೂರು ಚಲನೆಗಳನ್ನೂ ಹೊರಿಸಿದರೆ ಓದುವವರಿಗೆ ಚಿತ್ರ ಮೂಡುವುದಿಲ್ಲ.

ನನಗೆ ಬೇಕಾಗಿರುವುದು ಮುಖ್ಯವಾಗಿ ಎರಡನೆಯ ಚಲನೆಗೆ ಪದ. ಅದೇನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪದ ಹುಡುಕುವವರಿಗೆ ವಸ್ತು ಕಣ್ಣಿಗೆ ಕಾಣಬೇಕು.

ಹಬಲ್ 1990ರ ಏಪ್ರಿಲ್ 24ರಂದು ಡಿಸ್ಕವರಿ ನೌಕೆಯಲ್ಲಿ ಮೇಲೆ ಹೋಯಿತು. ಉದ್ದ 13 ಮೀಟರಿಗಿಂತ ಸ್ವಲ್ಪ ಜಾಸ್ತಿ, ಅಂದರೆ ಒಂದು ದೊಡ್ಡ ಬಸ್ಸಿನಷ್ಟು. ಒಳಗಿನ ಮುಖ್ಯ ಕನ್ನಡಿ 2.4 ಮೀಟರ್ ಅಗಲ. ದಿನಕ್ಕೆ ಹತ್ತಾರು ಸಲ ಈ ಬಸ್ಸು ಆಕಾಶದ ಒಂದು ಮೂಲೆ ಬಿಟ್ಟು ಇನ್ನೊಂದು ಮೂಲೆಗೆ ಮುಖ ಮಾಡಬೇಕು. ಆದರೆ ಅದಕ್ಕೆ ಅನಿಲ ಚಿಮ್ಮಿಸುವ ಕೊಳವೆಗಳಿಲ್ಲ. ಚಿಮ್ಮಿದ ಅನಿಲ ಕನ್ನಡಿಯ ಮೇಲೆ ಕೂತರೆ ನೋಟ ಕೆಡುತ್ತದೆ ಅಂತ ಬೇಕೆಂದೇ ಇಟ್ಟಿಲ್ಲ. ಬದಲಿಗೆ ಒಳಗೆ ನಾಲ್ಕು ಭಾರದ ಚಕ್ರಗಳಿವೆ. ಚಕ್ರದ ವೇಗವನ್ನು ಒಂದು ದಿಕ್ಕಿಗೆ ಹೆಚ್ಚಿಸಿದರೆ ದೂರದರ್ಶಕದ ಮೈ ಎದುರು ದಿಕ್ಕಿಗೆ ಮೆಲ್ಲಗೆ ವಾಲುತ್ತದೆ. ಎಷ್ಟು ಮೆಲ್ಲಗೆ ಅಂದರೆ ಗಡಿಯಾರದ ನಿಮಿಷದ ಮುಳ್ಳಿನಷ್ಟು. 90 ಡಿಗ್ರಿ ಆಚೆ ಮುಖ ಮಾಡಲು ಸುಮಾರು 15 ನಿಮಿಷ ಬೇಕು. ಇದು ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ನಿಲ್ಲುವ ಚಲನೆ. ಸುತ್ತಿ ಸುತ್ತಿ ಬರುವುದಲ್ಲ. ಪದದಲ್ಲಿ ಆ ‘ಇಲ್ಲಿಂದ ಅಲ್ಲಿಗೆ’ ಅನ್ನುವ ಭಾವ ಇರಬೇಕು ಅನ್ನೋದು ನನ್ನ ಆಸೆ.

ಪಠ್ಯಪುಸ್ತಕದ ಪರಿಭ್ರಮಣ, ಅಕ್ಷಭ್ರಮಣ ಎರಡೂ ಇಲ್ಲಿ ಸಲ್ಲುವುದಿಲ್ಲ. ಒಂದು ಮೊದಲ ಚಲನೆಗೆ, ಇನ್ನೊಂದು ಮೂರನೆಯದಕ್ಕೆ. ನಡುವಿನದು ಅನಾಥ. ‘ದಿಕ್ಕು ಬದಲಿಸು’ ಅಂತ ಬರೆದು ನೋಡಿದೆ. ಓದಿದ ಗೆಳೆಯರೊಬ್ಬರು “ಹಾಗಾದರೆ ಅದು ಬೇರೆ ದಾರಿ ಹಿಡಿದು ಹೋಯ್ತಾ?” ಅಂತ ಕೇಳಿದರು. ಅವರು ಕೇಳಿದ್ದು ನ್ಯಾಯ. ಕನ್ನಡದಲ್ಲಿ ದಿಕ್ಕು ಬದಲಿಸುವುದು ಅಂದರೆ ಹೋಗುವ ದಾರಿ ಬದಲಾಗುವುದು. ಹಬಲ್ ಮುಖ ಎತ್ತ ಮಾಡಿದರೂ ಅದರ ದಾರಿ ಮಾತ್ರ ಬದಲಾಗುವುದಿಲ್ಲ.

ಮೊದಲ ಚಲನೆಗೆ ನನ್ನ ಮಟ್ಟಿಗೆ ಪದ ಸಿಕ್ಕಿದೆ: ಸುತ್ತು. ಇಲ್ಲಿ ನಮ್ಮ ಭಾಷೆಗೆ ಒಂದು ಅನುಕೂಲ ಇದೆ, ಅದನ್ನು ನಾವು ಸುಮ್ನೆ ಕಳೆದುಕೊಳ್ಳುತ್ತಿದ್ದೇವೆ. ಇಂಗ್ಲಿಷಿನಲ್ಲಿ ದಾರಿಗೂ ಆ ದಾರಿಯಲ್ಲಿ ಹಾಕುವ ಒಂದು ಫೇರಿಗೂ ಒಂದೇ ಪದ, ಆರ್ಬಿಟ್. ನಮಗೆ ದಾರಿ ಅಂದರೆ ಕಕ್ಷೆ, ಫೇರಿ ಅಂದರೆ ಸುತ್ತು. ಆದರೂ “ಉಪಗ್ರಹ 15 ಕಕ್ಷೆ ಪೂರೈಸಿತು” ಅಂತ ಬರೆಯುವುದನ್ನು ನೋಡುತ್ತೇನೆ. ಹದಿನೈದು ಬೇರೆ ಬೇರೆ ದಾರಿಯಲ್ಲಿ ಹೋಯಿತು ಅಂತ ಅದರ ಅರ್ಥವಾಗುತ್ತದೆ. ಹಬಲ್ ಒಂದೇ ಕಕ್ಷೆಯಲ್ಲಿ ಸುಮಾರು 95 ನಿಮಿಷಕ್ಕೊಂದರಂತೆ ದಿನಕ್ಕೆ ಸುಮಾರು 15 ಸುತ್ತು ಹಾಕುತ್ತದೆ.

ಈ ‘ಸುತ್ತು’ ಇನ್ನೂ ಒಂದು ಕಡೆ ಚೆನ್ನಾಗಿ ಕೂರುತ್ತದೆ. ಹಬಲ್ ಬಳಸಲು ಖಗೋಳ ವಿಜ್ಞಾನಿಗಳು ಅರ್ಜಿ ಹಾಕುವಾಗ ಗಂಟೆ ಲೆಕ್ಕದಲ್ಲಿ ಕೇಳುವುದಿಲ್ಲ, ಸುತ್ತಿನ ಲೆಕ್ಕದಲ್ಲಿ ಕೇಳುತ್ತಾರೆ. “ನಮಗೆ 12 ಸುತ್ತು ಬೇಕು” ಅಂತ. ಮತ ಎಣಿಕೆಗೂ ಆಟಕ್ಕೂ ನಾವು ಹೀಗೇ ಹೇಳುತ್ತೇವಲ್ಲ, ಹಾಗೆಯೇ ಕೇಳಿಸುತ್ತದೆ. ಜೇಮ್ಸ್ ವೆಬ್ ಅನ್ನುವ ಇನ್ನೊಂದು ಬಾಹ್ಯಾಕಾಶ ದೂರದರ್ಶಕಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರ ಇದೆ, ಭೂಮಿಗೆ ಸುತ್ತು ಹಾಕುವುದಿಲ್ಲ. ಅಲ್ಲಿ ಗಂಟೆ ಲೆಕ್ಕವೇ.

ಈಗ ಆ ಅನಾಥ ಚಲನೆಗೆ ಬರುತ್ತೇನೆ. ನನ್ನ ಮನಸ್ಸಿಗೆ ಬಂದ ಪದ ‘ಹೊರಳು’.

ಉತ್ತರ ಕರ್ನಾಟಕದ ಕಡೆ ‘ಹೊರಳಿ ನೋಡು’ ಅಂದರೆ ತಿರುಗಿ ನೋಡು ಅಂತಲೇ ಅರ್ಥ. ಕತ್ತನ್ನು, ಮುಖವನ್ನು ಆ ಕಡೆ ಮಾಡಿ ನೋಡು. ನನಗೆ ಬೇಕಾದದ್ದು ನಿಖರವಾಗಿ ಇದೇ. ಆದರೆ ದಕ್ಷಿಣದ ಕಡೆಯವರಿಗೆ ‘ಹೊರಳು’ ಅಂದರೆ ಮೊದಲು ಕಣ್ಣಿಗೆ ಬರುವುದು ನೆಲದ ಮೇಲೆ ಉರುಳುವುದು. ಹಾಸಿಗೆಯಲ್ಲಿ ಹೊರಳುವುದು, ಮಣ್ಣಿನಲ್ಲಿ ಕತ್ತೆ ಹೊರಳುವುದು. “ದೂರದರ್ಶಕ ಹೊರಳಿತು” ಅಂದರೆ ಏನೋ ಅವಘಡ ಆಯಿತು ಅಂದುಕೊಂಡಾರು.

ಇದು ಬರೀ ಕಿವಿಯ ತಕರಾರಲ್ಲ. ಹಬಲ್‌ನ ಕೆಲಸದಲ್ಲಿ ಉರುಳುವ ಚಲನೆಯೂ ಬೇರೆಯಾಗಿ ಇದೆ. ಮುಖ ಒಂದೇ ಗುರಿಯ ಮೇಲೆ ಇರುತ್ತದೆ, ಮೈ ಮಾತ್ರ ತನ್ನ ಉದ್ದದ ಗೆರೆಯ ಮೇಲೆ ಹೊರಳುತ್ತದೆ. ಸೌರಫಲಕಗಳಿಗೆ ಬಿಸಿಲು ಸರಿಯಾಗಿ ಬೀಳಬೇಕಲ್ಲ, ಅದಕ್ಕೆ. ಭೂಮಿ ಸೂರ್ಯನ ಸುತ್ತ ಹೋದಂತೆ ಬಿಸಿಲು ಬರುವ ಕಡೆ ಸರಿಯುತ್ತದೆ. ಹಾಗಾಗಿ ಒಂದೇ ಗುರಿಯನ್ನು ಕೆಲವು ವಾರ ಬಿಟ್ಟು ನೋಡಿದರೆ ಚಿತ್ರ ಬೇರೆ ಕೋನದಲ್ಲಿ ಬರುತ್ತದೆ. ಇದಕ್ಕೆ ‘ಮಗ್ಗುಲು’ ಅನ್ನುವ ಪದ ಎಷ್ಟು ಸರಿಯಾಗಿದೆ ಅಂದರೆ ನನಗೆ ಬೇರೆ ಹುಡುಕುವ ಮನಸ್ಸೇ ಬರಲಿಲ್ಲ. ಮಲಗಿದವರು ಮಗ್ಗುಲು ಬದಲಿಸುವಾಗ ತಲೆ ಇದ್ದ ಕಡೆಯೇ ಇರುತ್ತದೆ, ಮೈ ಮಾತ್ರ ಹೊರಳುತ್ತದೆ. ದೂರದರ್ಶಕ ಮಗ್ಗುಲು ಬದಲಿಸುವುದೂ ಹೀಗೇ.

ಹಾಗಾದರೆ ಹೊರಳು ಈ ಮಗ್ಗುಲು ಬದಲಿಸುವುದಕ್ಕೇ ಸೇರಿದ್ದಲ್ಲವಾ ಅಂತ ನೀವು ಕೇಳಬಹುದು. ನಾನೂ ಎರಡು ದಿನ ಅದೇ ಯೋಚನೆಯಲ್ಲಿದ್ದೆ. ಆಮೇಲೆ ನಾವು ಬರೆಯುವ ಕನ್ನಡವನ್ನೇ ಗಮನಿಸಿದೆ. “ಮಾತು ರಾಜಕೀಯದತ್ತ ಹೊರಳಿತು.” “ಎಲ್ಲರ ಕಣ್ಣು ಬಾಗಿಲ ಕಡೆ ಹೊರಳಿದವು.” “ಕತ್ತು ಹೊರಳಿಸಿ ನೋಡಿದಳು.” ಈ ವಾಕ್ಯಗಳನ್ನು ಯಾವ ಕಡೆಯವರೂ ತಪ್ಪು ತಿಳಿಯುವುದಿಲ್ಲ. ಬೀದರಿನವರೂ ಅಷ್ಟೇ, ಮೈಸೂರಿನವರೂ ಅಷ್ಟೇ. ಇಲ್ಲಿ ಯಾರೂ ನೆಲದ ಮೇಲೆ ಉರುಳುತ್ತಿಲ್ಲ. ಯಾಕೆ? ‘ಕಡೆ’ ಅಥವಾ ‘ಅತ್ತ’ ಜೊತೆಗಿದೆ, ಇಲ್ಲವೇ ಕಣ್ಣು, ಕತ್ತು ಜೊತೆಗಿದೆ. ಬರೀ ‘ಹೊರಳು’ ಅಂದರೆ ಉರುಳು. ‘ಒಂದರ ಕಡೆ ಹೊರಳು’ ಅಂದರೆ ಆ ಕಡೆ ಮುಖ ಮಾಡು. ನಮ್ಮ ಭಾಷೆ ಈ ಎರಡನ್ನೂ ಆಗಲೇ ಬೇರೆ ಮಾಡಿ ಇಟ್ಟಿದೆ. ಇದು ಹೊಳೆದಾಗ ನನಗೆ ನಿಜವಾಗಿಯೂ ಖುಷಿಯಾಯಿತು.

ಅದೇ ವಾಕ್ಯ ಈಗ ಹೀಗಾಗಿದೆ: “ಭೂಮಿಗೆ ಸುತ್ತು ಹಾಕುತ್ತಿರುವ ದೂರದರ್ಶಕ ಒಂದು ನಕ್ಷತ್ರ ಬಿಟ್ಟು ಇನ್ನೊಂದರ ಕಡೆ ಹೊರಳಬೇಕಾದರೆ ಅದರ ಒಳಗಿನ ಚಕ್ರಗಳು ಎದುರು ದಿಕ್ಕಿಗೆ ತಿರುಗಬೇಕು.” ‘ತಿರುಗು’ ಚಕ್ರದ ಪಾಲಿಗೆ ಉಳಿಯಿತು. ಅದಕ್ಕೆ ಅದೇ ಒಳ್ಳೆಯ ಜಾಗ.

ಉಳಿದ ಪದಗಳಲ್ಲಿ ಒಂದು ನನಗೆ ತುಂಬಾ ಮುಖ್ಯ. ಹೊರಳಿ ನಿಂತ ಮೇಲೆ ದೂರದರ್ಶಕ ತಾನು ಸರಿಯಾದ ಕಡೆ ನೋಡುತ್ತಿದ್ದೇನೆ ಅಂತ ಖಾತ್ರಿ ಮಾಡಿಕೊಳ್ಳಲು ಗುರಿಯ ಆಸುಪಾಸಿನ, ಮೊದಲೇ ಪಟ್ಟಿಯಲ್ಲಿರುವ ನಕ್ಷತ್ರಗಳನ್ನು ಹುಡುಕುತ್ತದೆ. ಹೆಚ್ಚಾಗಿ ಎರಡು. ಇದಕ್ಕೆ ಸುಮಾರು 6 ನಿಮಿಷ ಹೋಗುತ್ತದೆ. ಸಿಕ್ಕ ಮೇಲೆ ಅವನ್ನು ಬಿಡದೆ ಹಿಡಿದುಕೊಂಡು ಅಲುಗಾಡದೆ ನಿಲ್ಲುತ್ತದೆ. ಆ ಹಿಡಿತ ಎಷ್ಟು ಗಟ್ಟಿ ಅಂದರೆ ಅಲುಗಾಟ ಒಂದು ಆರ್ಕ್ ಸೆಕೆಂಡಿನ 0.007 ಭಾಗದಷ್ಟು ಮಾತ್ರ. ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಭಾಗ ಒಂದು ಆರ್ಕ್ ಸೆಕೆಂಡ್. ಈ ನಕ್ಷತ್ರಗಳಿಗೆ ‘ಮಾರ್ಗದರ್ಶಿ ನಕ್ಷತ್ರ’ ಅಂತ ಬರೆಯುವುದು ರೂಢಿ. ನನಗೆ ಒಪ್ಪಿಗೆಯಿಲ್ಲ. ಮಾರ್ಗ ತೋರಿಸುವುದು ಎಲ್ಲಿಗೋ ಹೋಗುವವರಿಗೆ. ಇಲ್ಲಿ ಯಾರೂ ಎಲ್ಲಿಗೂ ಹೋಗುತ್ತಿಲ್ಲ, ನಿಂತಲ್ಲಿ ಗಟ್ಟಿಯಾಗಿ ನಿಲ್ಲಬೇಕು ಅಷ್ಟೇ. ಹಡಗಿನವರಿಗೆ ಧ್ರುವ ನಕ್ಷತ್ರ ಮಾರ್ಗದರ್ಶಿ, ಸರಿ. ಇದಕ್ಕೆ ‘ಗುರುತಿನ ಚುಕ್ಕಿ’ ಅಂತ ಬರೆದಿದ್ದೇನೆ. ಚುಕ್ಕಿ ಅಂದರೆ ನಕ್ಷತ್ರವೂ ಹೌದು, ಗುರುತಿಗೆ ಇಡುವ ಬೊಟ್ಟೂ ಹೌದು. ಗುರುತಿನ ಚುಕ್ಕಿ ಸಿಗದೇ ಹೋದರೆ ಹಬಲ್‌ನ ಆ ಸರದಿ ಹಾಳಾದ ಹಾಗೇ. ವೇಳಾಪಟ್ಟಿ ಗಡಿಯಾರಕ್ಕೆ ಕಟ್ಟಿದ್ದು, ಮುಂದಿನ ಹೊತ್ತು ಬರುವ ತನಕ ಕಾಯಬೇಕು. ವೆಬ್ ಹಾಗಲ್ಲ, ಸಿಗದಿದ್ದರೆ ಪಟ್ಟಿಯ ಮುಂದಿನ ಕೆಲಸಕ್ಕೆ ಹೋಗಿಬಿಡುತ್ತದೆ.

ಮೇಲಿನ ‘ಸರದಿ’ಯನ್ನೂ ಬೇಕೆಂದೇ ಹಾಕಿದೆ. ಒಂದು ಗುರಿಯ ಮೇಲೆ ಒಮ್ಮೆ ಕೂತು ಮಾಡುವ ಕೆಲಸದ ತುಂಡಿಗೆ ಹಬಲ್ ನಡೆಸುವವರು ಬಳಸುವ ‘ವಿಸಿಟ್’ ಅನ್ನುವ ಪದವನ್ನು ‘ಭೇಟಿ’ ಅಂತ ಮಾಡಿದರೆ ದೂರದರ್ಶಕ ನಕ್ಷತ್ರದ ಮನೆಗೆ ಹೋಗಿ ಬಂದ ಹಾಗಾಗುತ್ತದೆ.

‘ಮರೆ’ ಬಗ್ಗೆ ಜಾಸ್ತಿ ಚರ್ಚೆ ಬೇಡ ಅನ್ನಿಸುತ್ತದೆ. ಹಬಲ್ ಭೂಮಿಗೆ ತುಂಬಾ ಹತ್ತಿರ ಇರುವುದರಿಂದ ಆಕಾಶದ ಅರ್ಧಕ್ಕೆ ಹತ್ತಿರಹತ್ತಿರ ಭೂಮಿಯೇ ತುಂಬಿರುತ್ತದೆ. ಪ್ರತಿ ಸುತ್ತಿನಲ್ಲೂ ಗುರಿ ಅರ್ಧ ಹೊತ್ತು ಭೂಮಿಯ ಮರೆಗೆ ಹೋಗುತ್ತದೆ. ಇದಕ್ಕೆ ‘ಆಚ್ಛಾದನೆ’ ಅನ್ನುವ ಪದ ಇದೆ, ಆದರೆ ‘ಮರೆಗೆ ಹೋಗು’ ಇರುವಾಗ ಮಕ್ಕಳಿಗೆ ಅದು ಯಾಕೆ? ಮರೆಗೇ ಹೋಗದ ಕೆಲವು ಜಾಗಗಳೂ ಆಕಾಶದಲ್ಲಿ ಇವೆ. 1995ರ ಡಿಸೆಂಬರಿನಲ್ಲಿ ಸಪ್ತರ್ಷಿ ಮಂಡಲದಲ್ಲಿ ಅಂಥದೇ ಒಂದು ಖಾಲಿ ಮೂಲೆಯನ್ನು ಹಬಲ್ 10 ದಿನ ದಿಟ್ಟಿಸಿತು. ಹಬಲ್‌ನ ವೀಕ್ಷಣೆಗಳನ್ನು ನೋಡಿಕೊಳ್ಳುವ ಸಂಸ್ಥೆಯ ಆಗಿನ ನಿರ್ದೇಶಕ ರಾಬರ್ಟ್ ವಿಲಿಯಮ್ಸ್ ತಮ್ಮ ಪಾಲಿಗಿದ್ದ ಸಮಯವನ್ನೇ ಇದಕ್ಕೆ ಕೊಟ್ಟರು. 342 ಸಲ ಬೆಳಕಿಗೆ ಒಡ್ಡಿದ ಚಿತ್ರಗಳನ್ನು ಸೇರಿಸಿದಾಗ ಆ ಖಾಲಿ ಮೂಲೆಯಲ್ಲಿ ಸುಮಾರು 3000 ಗೆಲಾಕ್ಸಿಗಳು ಕಂಡವು.

‘ಒಡ್ಡು’ ಕೂಡ ಬಿಡಬಾರದ ಪದ. ಕ್ಯಾಮೆರಾದವರು ಎಕ್ಸ್‌ಪೋಶರ್ ಅನ್ನುತ್ತಾರೆ, ಅದನ್ನು ಹಾಗೇ ಬರೆದರೂ ಎಲ್ಲರಿಗೂ ತಿಳಿಯುತ್ತದೆ. ಆದರೆ ನೀರಿಗೆ ಬೊಗಸೆ ಒಡ್ಡುವುದನ್ನು ನೆನೆದುಕೊಳ್ಳಿ. ದೂರದಿಂದ ಒಂದೊಂದೇ ಹನಿ ಬೆಳಕು ಬಂದು ಬೀಳುತ್ತಿದೆ, ದೂರದರ್ಶಕ ಅಷ್ಟು ಹೊತ್ತೂ ಬೊಗಸೆ ಒಡ್ಡಿಕೊಂಡೇ ನಿಂತಿದೆ. ಕೆಲಸವೂ ಹಾಗೇ ಇರುವುದು.

ಈ ಪದಗಳೆಲ್ಲ ಒಟ್ಟಿಗೆ ನಿಲ್ಲುತ್ತವಾ ಅಂತ ನೋಡಲು ಒಂದು ಸುತ್ತನ್ನು ಪೂರ್ತಿ ಬರೆದೆ. ಓದಿ ನೋಡಿ:

“ಹಳೆಯ ಗುರಿ ಭೂಮಿಯ ಮರೆಗೆ ಹೋಯಿತು. ಈ ಬಿಡುವಿನಲ್ಲೇ ದೂರದರ್ಶಕ ಹೊಸ ಗುರಿಯ ಕಡೆ ಹೊರಳುತ್ತದೆ. ಸೂರ್ಯನ ಹತ್ತಿರ ಸಾಮಾನ್ಯವಾಗಿ 50 ಡಿಗ್ರಿಯ ಒಳಗೆ ಹೊರಳುವ ಹಾಗಿಲ್ಲ. ಬೇಕಾದಷ್ಟು ಮಗ್ಗುಲು ಬದಲಿಸಿ ಫಲಕಗಳನ್ನು ಬಿಸಿಲಿಗೆ ಹಿಡಿಯುತ್ತದೆ. ಹೊಸ ಗುರಿ ಮರೆಯಿಂದ ಹೊರಗೆ ಬಂತು. ಗುರುತಿನ ಚುಕ್ಕಿಗಳು ಸಿಕ್ಕವು. ಹಿಡಿತ ಕೂತಿತು. ಇನ್ನು ಒಡ್ಡುವುದು. ಕೈಯಲ್ಲಿರುವುದು 50 ನಿಮಿಷದ ಆಸುಪಾಸು. ಆಮೇಲೆ ಮತ್ತೆ ಮರೆ.”

ಕ್ರಿಯಾಪದವಾಗಿ ‘ಹೊರಳು’ ಇಲ್ಲಿ ನಿಲ್ಲುತ್ತದೆ ಅಂತ ನನ್ನ ನಂಬಿಕೆ. ತೊಡಕು ಬಂದಿರುವುದು ನಾಮಪದಕ್ಕೆ. ಲೇಖನದ ಜೊತೆ ಒಂದು ಕೋಷ್ಟಕ ಇದೆ, ಯಾವ ಕೆಲಸಕ್ಕೆ ಎಷ್ಟು ನಿಮಿಷ ಅಂತ. ಅಲ್ಲಿ ‘ಗುರಿಯ ಕಡೆ’ ಅಂತ ಸೇರಿಸಲು ಜಾಗವಿಲ್ಲ, ಒಂದೇ ಪದ ಬೇಕು. 2024ರ ಜೂನ್‌ನಿಂದ ಹಬಲ್ ಒಂದೇ ಜೈರೋ (ಮೈ ಎಷ್ಟು ಬೇಗ, ಯಾವ ಕಡೆ ತಿರುಗುತ್ತಿದೆ ಅಂತ ಅಳೆಯುವ ಉಪಕರಣ) ನೆಚ್ಚಿಕೊಂಡು ಕೆಲಸ ಮಾಡುತ್ತಿದೆ, ಹಾಗಾಗಿ ಮುಂಚೆಗಿಂತ ಹೊರಳಲು ಹೊತ್ತು ಜಾಸ್ತಿ ಹಿಡಿಯುತ್ತದೆ. ಅದಕ್ಕೇ ಆ ಸಾಲನ್ನು ಕೈಬಿಡುವ ಹಾಗೂ ಇಲ್ಲ. ‘ತಿರುವು’ ಅಂದರೆ ರಸ್ತೆಯದೋ ಕಥೆಯದೋ ಆಗುತ್ತದೆ. ‘ಹೊರಳಾಟ’ ಅಂದರೆ ನೋವಿನಲ್ಲಿ ನರಳುವುದು, ಅದು ಬೇಡವೇ ಬೇಡ. ‘ಹೊರಳುವಿಕೆ’ ಉದ್ದ, ಮತ್ತೆ ನಾಲಿಗೆಗೂ ಹಗುರವಿಲ್ಲ. ‘ಹೊರಳುದಾರಿ’ಯಲ್ಲಿ ಇರುವಂತೆ ಬರೀ ‘ಹೊರಳು’ ಅಂತಲೇ ನಾಮಪದ ಮಾಡಬಹುದಾ, ಇಲ್ಲಾ ‘ಹೊರಳಿಕೆ’ಯಾ?

ಕೋಷ್ಟಕದಲ್ಲಿ “ಹೊರಳಿಕೆ: 15 ನಿಮಿಷ” ಅಂತ ಕಂಡರೆ ನಿಮಗೆ ಮೊದಲು ಹೊಳೆಯುವುದು ಮುಖ ಮಾಡುವುದಾ, ಉರುಳುವುದಾ? ಯಾವ ಕಡೆಯವರು ಅಂತಲೂ ಸೇರಿಸಿ ಬರೆದರೆ ನನಗೆ ತುಂಬಾ ಉಪಕಾರವಾಗುತ್ತದೆ.